ಬ್ಯಾಟರಿಗೆ ಹಚ್ಚಿದ ವಿಭೂತಿ

ಆಗ ಇಳಕಲ್ಲಿನ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದದ್ದೇ ಕಾರು ದಬ್ಬುವುದರಿಂದ. ಮಗ್ಗದ ಸದ್ದು, ಹಾಲಿನವನ ಸೈಕಲ್ ಗಂಟೆ ಎಲ್ಲ ಆಮೇಲೆ. ಹೀಗೆ ಬರೆದ ಕೂಡಲೇ ತಿದ್ದಬೇಕಾಗಿದೆ. ನಾವು ಕಾರು ದಬ್ಬಿದ್ದು ಒಂದೇ ಒಂದು ಚಳಿಗಾಲ, ಅದೂ ಹೆಚ್ಚೆಂದರೆ ಐದಾರು ವಾರ. ಆದರೂ ನೆನಪಿನಲ್ಲಿ ಇಡೀ ಬಾಲ್ಯವನ್ನು ಆ ಬಿಳಿ ಅಂಬಾಸಿಡರಿನ ಬೆನ್ನಿಗೆ ಕೈಕೊಟ್ಟೇ ಕಳೆದಂತಿದೆ. ಈ ಬರಹದಲ್ಲಿ ಇಂಥ ತಪ್ಪು ಇನ್ನೂ ಇರಬಹುದು. ಸಿಕ್ಕಲ್ಲಿ ಹೇಳುತ್ತ ಹೋಗುತ್ತೇನೆ.

ಕಾರು ನಮ್ಮ ಅಜ್ಜ, ಮುತ್ಯಾ ಕೊಂಡದ್ದು. ಮುತ್ಯಾ ಹೋದ ಮೇಲೆ ಅಪ್ಪ ಅದರಲ್ಲಿ ಸೀರೆ ಮಾರಲು ಹೋಗುತ್ತಿದ್ದ. ಹುನಗುಂದ, ಬಾದಾಮಿ ಹಾದು ವಾರಕ್ಕೊಮ್ಮೆ ಕೆರೂರಿನ ಸಂತೆ ಅವನ ಕೊನೆಯ ನಿಲ್ದಾಣ. ಹಿಂದಿನ ಎಡಗಡೆಯ ಸೀಟು ಆಯಿಯದು, ಅಂದರೆ ಅಪ್ಪನ ಅವ್ವನದು. ಕೆರೂರಿನಲ್ಲಿ ಆಯಿಯ ಅಕ್ಕ ಇದ್ದಳು. ಅಪ್ಪ ಅಂಗಡಿಗಳನ್ನು ಮುಗಿಸಿ ಬರುವತನಕ ಇಬ್ಬರೂ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಆಯಿಯ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಹೀಗಾಗಿ ಅಕ್ಕನ ಮುಖ ನೋಡುವುದಕ್ಕೆ ಅವಳಿಗಿದ್ದ ದಾರಿ ಆ ಸೀಟು ಒಂದೇ. ಸಂತೆಯ ಹಿಂದಿನ ಸಂಜೆಯೇ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಅರಿವೆಯಲ್ಲಿ ಕಟ್ಟಿಡುತ್ತಿದ್ದಳು. ಎಳ್ಳಿನ ವಾಸನೆ ಮನೆಯಲ್ಲಿ ಎದ್ದರೆ ನಾಳೆ ಸಂತೆ ಎಂದು ನಮಗೆ ಗೊತ್ತಾಗುತ್ತಿತ್ತು.

ಆ ವರ್ಷ ಮದುವೆಗಳು ಹೆಚ್ಚಿದ್ದವು. ಮನೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸೀರೆ. ಅಪ್ಪ ಗಂಟುಗಳನ್ನು ಕಾರಿನ ಡಿಕ್ಕಿಯಲ್ಲೇ ಇಡತೊಡಗಿದ. ಮುಚ್ಚಳ ಪೂರ್ತಿ ಕೂಡುತ್ತಿರಲಿಲ್ಲ. ಹಗ್ಗ ಹಾಕಿ ಬಿಗಿಯುತ್ತಿದ್ದ. ಡಿಕ್ಕಿಯೊಳಗೆ ಅವನೇ ಒಂದು ಪುಟ್ಟ ದೀಪ ಕೂರಿಸಿದ್ದ, ನಸುಕಿನಲ್ಲಿ ಗಿರಾಕಿಗಳಿಗೆ ಸೆರಗಿನ ಬಣ್ಣ ತೋರಿಸಲು. ಮುಚ್ಚಳ ತೆರೆದರೆ ಹತ್ತಬೇಕು, ಮುಚ್ಚಿದರೆ ಆರಬೇಕು. ವೈರನ್ನು ಸೀಟಿನ ಕೆಳಗಿನಿಂದ ಎಳೆದು ನೇರ ಬ್ಯಾಟರಿಗೇ ಜೋಡಿಸಿದ್ದ. ಆ ದೀಪದ ಬಗ್ಗೆ ಅವನಿಗೆ ಬಲು ಹೆಮ್ಮೆ.

ಬೆಳಿಗ್ಗೆ ಅಪ್ಪ ಹಗ್ಗ ಬಿಚ್ಚಿ ಡಿಕ್ಕಿ ತೆರೆದಾಗ ನಾನು ಓಡಿಹೋಗಿ ಮೇಲಿನ ಗಂಟಿಗೆ ಕೆನ್ನೆ ಒತ್ತುತ್ತಿದ್ದೆ. ಅದು ಬೆಚ್ಚಗಿರುತ್ತಿತ್ತು. ಕೋಳಿ ಆಗಷ್ಟೇ ಎದ್ದುಹೋದ ಮೊಟ್ಟೆಯಷ್ಟು. ಹೊಸ ರೇಷ್ಮೆ, ಗಂಜಿ, ಆ ಬಿಸುಪು. ಮೂಡಗಾಳಿಯ ಚಳಿಯಲ್ಲಿ ಅದಕ್ಕಿಂತ ಸುಖ ಇನ್ನೊಂದಿರಲಿಲ್ಲ. ಸೀರೆ ಇರುವುದೇ ಹಾಗೆ ಎಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ.

ಆಮೇಲೆ ಅಪ್ಪ ಚಾವಿ ತಿರುವುತ್ತಿದ್ದ. ಕಾರು ಒಮ್ಮೆ ನರಳಿ ಸುಮ್ಮನಾಗುತ್ತಿತ್ತು.

“ಬರ್ರಲೇ, ದಬ್ಬರಿ!”

ಓಣಿಯ ಹುಡುಗ ಹುಡುಗಿಯರೆಲ್ಲ ಬರುತ್ತಿದ್ದೆವು. ಕಟ್ಟೆಯ ಮೇಲಿಂದ ಆಯಿಯ ದನಿ: “ರೊಟ್ಟಿ ತಿಂದೀರೋ ಗಾಳಿ ಕುಡದೀರೋ? ದಮ್ ಹಾಕ್ರಿ!” ಹನುಮಪ್ಪನ ಗುಡಿಯ ಇಳಿಜಾರಿಗೆ ಬಂದಾಗ ಕಾರು ಜಿಗಿದು, ನಮ್ಮ ಮುಖಕ್ಕೆ ಹೊಗೆ ಉಗುಳಿ ಓಡುತ್ತಿತ್ತು. ದಬ್ಬಿದವರಿಗೆಲ್ಲ ಆಯಿ ಒಂದೊಂದು ಮುಷ್ಟಿ ಹುರಿದ ಶೇಂಗಾ, ಬೆಲ್ಲದ ಚೂರು ಕೊಡುತ್ತಿದ್ದಳು.

ಕಾರಿನ ಕರೆಂಟಿನ ಕೆಲಸವನ್ನೆಲ್ಲ ನೋಡುತ್ತಿದ್ದವರು ದಾವಲಸಾಬ ಮಿಸ್ತ್ರಿ. ಸಂಜೆ ತಮ್ಮ ಅಂಗಡಿಯಲ್ಲಿ ಬ್ಯಾಟರಿ ಚಾರ್ಜ್ ಮಾಡಿ ತಂದು ಕೂರಿಸುವರು. ಮುಂಜಾನೆ ಮತ್ತೆ ಅದೇ ನರಳಾಟ.

“ಸಂಜೀಕ ತುಂಬ್ಸಿ ಕೊಟ್ಟೇನ್ರಿ ಸಾವಕಾರ್ರ. ಮುಂಜಾನೆ ಖಾಲಿ ಅಂದ್ರ ಎಲ್ಲ್ಯೋ ಸೋರಾಕತ್ತೈತಿ. ಬ್ಯಾಟ್ರಿ ಅಂದ್ರ ಗಾಡಿ ಜೀವ ಇದ್ದಂಗ್ರಿ.”

ಈ ಮಾತು ಆಯಿಯ ಕಿವಿಗೆ ಬಿತ್ತು. ಅಲ್ಲಿತನಕ ಅವಳು ವಿಭೂತಿ ಹಚ್ಚುತ್ತಿದ್ದದ್ದು ಸ್ಟೇರಿಂಗಿಗೆ. “ಜೀವ ಎಲ್ಲೈತೋ ಅಲ್ಲೇ ಹಚ್ಚಬೇಕಲಾ” ಎಂದು ಅಂದಿನಿಂದ ದಿನಾ ಸಂಜೆ ಬಾನೆಟ್ ಎತ್ತಿಸಿ, ನೀರಿನಲ್ಲಿ ಅದ್ದಿದ ಮೂರು ಬೆರಳಿನಿಂದ ಬ್ಯಾಟರಿಯ ಮೇಲೆ ಮೂರೆಳೆ ಎಳೆಯತೊಡಗಿದಳು. ಬ್ಯಾಟರಿಗೆ ಎರಡು ತಲೆ. ಮೂರೆಳೆ ಒಂದು ತಲೆಯಿಂದ ಇನ್ನೊಂದು ತಲೆಯವರೆಗೆ ಸಾಗುತ್ತಿತ್ತು. ಕಾರು ಮೊಂಡಾದಷ್ಟೂ ವಿಭೂತಿ ದಪ್ಪವಾಯಿತು.

ಒಂದು ರವಿವಾರ ಮಿಸ್ತ್ರಿ ಪಟ್ಟುಹಿಡಿದು ಬಂದರು. ಬ್ಯಾಟರಿಯ ಒಂದು ತಲೆಯಿಂದ ವೈರು ಬಿಚ್ಚಿ, ಆ ತಲೆಗೂ ವೈರಿಗೂ ನಡುವೆ ಒಂದು ಸಣ್ಣ ಬಲ್ಬು ಸಿಕ್ಕಿಸಿದರು. ಎಲ್ಲ ಬಂದ್ ಇದ್ದಾಗ ಅದು ಹತ್ತಬಾರದು. ಹತ್ತಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಅದು ಹತ್ತಿತು. ಬೀಡಿಯ ತುದಿಯಷ್ಟು, ಕೆಂಪಗೆ.

“ಏ ತಂಗಿ, ನೀ ಇಲ್ಲಿ ನಿಂದ್ರು. ಇದನ್ನ ನೋಡಕೋತ ಇರು. ಆರಿತಂದ್ರ ಒದರು.”

ಒಂಬತ್ತು ವರ್ಷದ ನನಗೆ ಅಷ್ಟು ದೊಡ್ಡ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ರೆಪ್ಪೆ ಬಡಿಯದೆ ನೋಡಿದೆ. ಮಿಸ್ತ್ರಿ ಫ್ಯೂಸು ಕಿತ್ತರು. ಆರಲಿಲ್ಲ. ಹಾರ್ನಿನ ವೈರು, ದೊಡ್ಡ ದೀಪಗಳ ವೈರು. ಆರಲಿಲ್ಲ. ಆಗ ಅವರ ಕಣ್ಣು ಬ್ಯಾಟರಿಯ ಮೇಲಿನ ಬಿಳಿ ಹಕ್ಕಳೆಯ ಮೇಲೆ ಬಿತ್ತು.

“ಇದೇನ್ರಿ ಇದು?”

ಎತ್ತಿದ ಬಾನೆಟ್ಟಿನ ಆಚೆಯಿಂದ ಅಪ್ಪನ ನಗು ಬಂತು: “ಅದು ನಮ್ಮವ್ವನ ಪೂಜಾ!”

ಮಿಸ್ತ್ರಿ ಚಿಂದಿ ತಗೊಂಡು ಬ್ಯಾಟರಿಯ ತಲೆಯನ್ನು ಗಸಗಸ ಒರೆಸಿದರು. ಬಲ್ಬು ಆರಿತು.

“ಆರಿತೂ!” ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ.

“ಸಿಕ್ತು ಬಿಡ್ರಿ,” ಎಂದರು ಮಿಸ್ತ್ರಿ. “ಹಸಿ ವಿಭೂತಿ ಮ್ಯಾಲೆ ಕರೆಂಟ್ ಹರಿದಾಡತೈತಿ.”

ಕಟ್ಟೆಯ ಮೇಲಿದ್ದ ಆಯಿ ಕೇಳಿದಳು: “ದೇವರ ಬೂದಿ ಕರೆಂಟ್ ತಿಂತೈತೇನೋ ದಾವಲಾ?”

“ತಿನ್ನೂದಿಲ್ಲ ಆಯಿ. ದಾರಿ ಕೊಡತೈತಿ.”

“ಯವ್ವಾ,” ಎಂದ ಅಪ್ಪ, “ನಾ ಹುಡುಗೂರ ಕಡೆ ದಬ್ಬಿಸ್ಕೋತ ಕುಂತೆ, ನೀ ದಿನಾ ಅದರ ಜೀವಾ ಕುಡಕೋತ ಬಂದಿ ನೋಡು!” ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಯಿ ನನ್ನನ್ನು ಹತ್ತಿರ ಕರೆದಳು.

“ಖರೇನ ಆರಿತೇನ?”

“ಖರೇನ ಆಯಿ. ನಾನ ನೋಡೇನಿ.”

ಅದು ಸುಳ್ಳಲ್ಲ. ಆರಿದ್ದಂತೂ ಹೌದು.

ಮರುದಿನದ ಸಂತೆಗೆ ಆಯಿ ಕಾರು ಹತ್ತಲಿಲ್ಲ. “ನನ್ನ ಕೈಗುಣ ಛಲೋ ಇಲ್ಲಪಾ. ನೀ ಹೋಗು” ಎಂದಳು. ಅಪ್ಪ ಎರಡು ಸಲ ಕರೆದ, ಮೂರನೆಯ ಸಲ ಕರೆಯಲಿಲ್ಲ. ಖಾಲಿ ಸೀಟಿನಲ್ಲಿ ಸೀರೆ ಗಂಟುಗಳನ್ನು ಪೇರಿಸಿದ. ಡಿಕ್ಕಿ ಹಗುರಾಗಿ ಮುಚ್ಚಳ ಟಕ್ಕೆಂದು ಕೂತಿತು. ಅಂದಿನಿಂದ ಬ್ಯಾಟರಿ ಒಂದು ದಿನವೂ ಇಳಿಯಲಿಲ್ಲ. ವಿಭೂತಿಯೇ ಕಾರಣ ಎನ್ನಲು ಇನ್ನೇನು ಸಾಕ್ಷಿ ಬೇಕು?

ಅದು ಮನೆಯ ಕತೆಯಾಯಿತು. ಮದುವೆ, ಸೀಮಂತ ಎಲ್ಲದರಲ್ಲೂ ಅಪ್ಪ ಹೇಳುತ್ತಿದ್ದ. ಪ್ರತಿ ಸಲ ವಿಭೂತಿ ಇನ್ನಷ್ಟು ದಪ್ಪ, ನನ್ನ ಕೂಗು ಇನ್ನಷ್ಟು ಜೋರು.

ಈಗ ನಾನು ಬಾಗಲಕೋಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈಚೆಗೆ ಹತ್ತನೇ ತರಗತಿಯ ಬೋರ್ಡಿನ ಮೇಲೆ ಬ್ಯಾಟರಿ, ವೈರು, ಬಲ್ಬು ಬರೆಯುತ್ತಿದ್ದೆ. ಸೀಮೆಸುಣ್ಣದ ಪುಡಿ ಉದುರಿ ಬ್ಯಾಟರಿಯ ಚಿತ್ರದ ಮೇಲೆ ಬಿಳಿ ಗೆರೆಯಾಗಿ ನಿಂತಿತು. ಕೈ ಹಾಗೇ ನಿಂತುಬಿಟ್ಟಿತು. ವಿಭೂತಿಯ ಮೇಲೆ ಕರೆಂಟು ಹರಿದದ್ದೇ ಆದರೆ ಅದು ಬ್ಯಾಟರಿಯ ಒಂದು ತಲೆಯಿಂದ ಇನ್ನೊಂದಕ್ಕೆ ಅಲ್ಲಲ್ಲೇ ಹೋಗಬೇಕು, ವೈರಿಗೆ ಇಳಿಯುವುದೇ ಇಲ್ಲ. ಮಿಸ್ತ್ರಿಯ ಬಲ್ಬು ಇದ್ದದ್ದು ವೈರಿನ ದಾರಿಯಲ್ಲಿ. ವಿಭೂತಿ ಅದನ್ನು ಹತ್ತಿಸಲಾರದು. ಒರೆಸಿದರೆ ಆರಿಸಲೂ ಆರದು.

ಹಾಗಾದರೆ ಅದು ಆರಿದ್ದು ಯಾಕೆ? ಆಗ ನನಗೆ ಬೆಚ್ಚಗಿನ ಸೀರೆ ನೆನಪಾಯಿತು. ಮುಚ್ಚಳ ಪೂರ್ತಿ ಕೂಡದ ಡಿಕ್ಕಿಯಲ್ಲಿ ಅಪ್ಪನ ದೀಪ ರಾತ್ರಿಯಿಡೀ ಉರಿಯುತ್ತಿತ್ತು. ಆ ಬಿಸುಪನ್ನು ಬಲ್ಲವಳು ನಾನೊಬ್ಬಳೇ. ಇನ್ನೂ ಒಂದು ನೆನಪಾಯಿತು: ಬಲ್ಬು ಆರುವ ಮುಂಚೆ ಕಾರಿನ ಮೂತಿ ಒಂದಿಷ್ಟು ಮೇಲೆದ್ದದ್ದು, ಹಿಂದೆ ಟಕ್ ಎಂದದ್ದು. ಅಪ್ಪ ಚಹಾ ಹಿಡಿದು ಡಿಕ್ಕಿಯ ಮೇಲೆ ಕೂತಿದ್ದ, ಅವನ ಭಾರಕ್ಕೆ ಮುಚ್ಚಳ ಕೂಡಿ ದೀಪ ಆರಿತ್ತು. ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ ನನಗೇ ನಂಬಿಕೆಯಿಲ್ಲ. ಬೋರ್ಡಿನ ಮುಂದೆ ನಿಲ್ಲುವ ಮುಂಚೆ ಆ ಟಕ್ ಎಂಬ ಸದ್ದು ನನ್ನ ನೆನಪಿನಲ್ಲಿ ಇರಲೇ ಇಲ್ಲ. ಬಿಸುಪು ಮಾತ್ರ ಇತ್ತು. ಅದನ್ನು ಕೆನ್ನೆ ಬಲ್ಲದು.

ಮುಂದಿನ ರಜೆಗೆ ಇಳಕಲ್ಲಿಗೆ ಹೋದಾಗ ಊಟದ ಹೊತ್ತಿನಲ್ಲಿ ಅಪ್ಪ ನನ್ನ ಮಗಳಿಗೆ ಅದೇ ಕತೆ ಶುರು ಮಾಡಿದ್ದ. ಕೈ ತೊಳೆದ ಮೇಲೆ ಅವನನ್ನು ಶೆಡ್ಡಿಗೆ ಕರೆದೊಯ್ದು ನನಗೆ ಹೊಳೆದದ್ದನ್ನೆಲ್ಲ ಹೇಳಿದೆ. ಕಾರು ಈಗಲೂ ಇದೆ, ಅಪ್ಪ ಅದನ್ನು ಒರೆಸಿ, ಬ್ಯಾಟರಿ ತುಂಬಿಸಿ ಇಟ್ಟಿದ್ದಾನೆ. ಮಿಸ್ತ್ರಿಯ ಹಾಗೆಯೇ ಬಲ್ಬು ಸಿಕ್ಕಿಸಿದೆ. ಹಸಿ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಬ್ಯಾಟರಿಯ ಮೇಲೆ ಮೂರೆಳೆ ಎಳೆದೆ. ಬಲ್ಬು ಹತ್ತಲಿಲ್ಲ. ಹಿಂದೆ ಹೋಗಿ ಡಿಕ್ಕಿಯಲ್ಲಿ ಒಂದು ಲೋಡು ದಿಂಬು ತುರುಕಿ, ಮುಚ್ಚಳವನ್ನು ಅರ್ಧ ಇಳಿಸಿದೆ.

“ಹತ್ತಿತು,” ಎಂದ ಅಪ್ಪ ಮುಂದಿನಿಂದ, ಸಣ್ಣ ದನಿಯಲ್ಲಿ. ಆಮೇಲೆ, “ನಾ ಅವತ್ತ ಡಿಕ್ಕಿ ಮ್ಯಾಲೆ ಕುಂತಿರಲಿಲ್ಲ. ಕಟ್ಟಿ ಮ್ಯಾಲಿದ್ದೆ.”

“ಇರಬಹುದು.”

“ಕುಂತಿದ್ನೇನು?”

“ನನಗೂ ಗೊತ್ತಿಲ್ಲಪಾ.”

ಬ್ಯಾಟರಿಯಿಂದ ರಾತ್ರಿ ಸೋರಿದ್ದನ್ನು ಮಿಸ್ತ್ರಿ ಮರುಸಂಜೆ ತುಂಬಿಸಿ ಕೊಡುತ್ತಿದ್ದರು. ಅದರ ಲೆಕ್ಕ ಹಾಕುವುದು ನನಗೆ ಬರುತ್ತದೆ, ಮಕ್ಕಳಿಗೆ ಕಲಿಸುವುದೇ ಅದನ್ನು. ಆ ರವಿವಾರದ ಮೇಲೆ ಆಯಿ ಹನ್ನೊಂದು ವರ್ಷ ಬದುಕಿದ್ದಳು. ಕೆರೂರಿಗೆ ಒಂದೇ ಸಲ ಹೋದಳು, ಬಸ್ಸಿನಲ್ಲಿ, ಇಬ್ಬರು ಎತ್ತಿ ಹತ್ತಿಸಿ. ಅವಳು ಮುಟ್ಟುವಷ್ಟರಲ್ಲಿ ತೀರಿಹೋದ ಅಕ್ಕನನ್ನು ಕೂರಿಸಿ ಹೂವು ಹಾಕಿದ್ದರು. ಸಂತೆಯ ಹಿಂದಿನ ಸಂಜೆ ಮನೆಯಲ್ಲಿ ಎಳ್ಳಿನ ವಾಸನೆ ಏಳುವುದು ಯಾವಾಗ ನಿಂತಿತೋ ನನಗೆ ನೆನಪಿಲ್ಲ.

ಬಲ್ಬು ಬಿಚ್ಚಿ, ವೈರು ಮೊದಲಿನಂತೆ ಕೂರಿಸಿ, ಬ್ಯಾಟರಿ ಒರೆಸಲು ಚಿಂದಿ ಎತ್ತಿಕೊಂಡೆ. ಅಪ್ಪ ನನ್ನ ಮಣಿಕಟ್ಟು ಹಿಡಿದ.

“ಇರಲಿ ಬಿಡು,” ಎಂದ. “ಒರಸಬ್ಯಾಡ.”