ಮಸ್ಕತ್ತಿನವರ ಒಂದು ವರ್ಷ

ನನ್ನ ತಂಗಿಯ ಗಂಡ ರಂಗನಾಥ್ ಪ್ರತಿ ಡಿಸೆಂಬರಿನಲ್ಲಿ ಒಂದು ಕಾಗದ ಬರೆಯುತ್ತಾರೆ. ಬರೆಯುವುದು ಒಂದೇ, ಬೇಲೂರಿಗೆ ಹೋಗಿ ನಲವತ್ತು ಜೆರಾಕ್ಸ್ ಮಾಡಿಸುತ್ತಾರೆ. ವರ್ಷದಲ್ಲಿ ಮನೆಯಲ್ಲಿ ಏನಾಯಿತು, ಬೆಕ್ಕು ಹೇಗಿದೆ, ಯಾವ ಗಿಡ ಚಿಗುರಿತು ಎಂದು ಮಸ್ಕತ್ತಿನ ಹಳೆಯ ಸ್ನೇಹಿತರಿಗೆಲ್ಲ ವರದಿ. ಮಾದಿಹಳ್ಳಿಯಲ್ಲಿ ಅವರ ಪಕ್ಕದ ಮನೆಯಲ್ಲೇ ಇರುವ ನನಗೂ ಒಂದು ಪ್ರತಿ, ಅದೂ ಲಕೋಟೆಯಲ್ಲಿಟ್ಟು, ಅಂಟಿಸಿ. 2002ರ ಕಾಗದದಲ್ಲಿ ಹೀಗೊಂದು ಸಾಲಿದೆ: "ಲೆಕ್ಕದಲ್ಲಿ ಸ್ವಲ್ಪ ತಪ್ಪಾಗಿ ಮಗಳ ಬಾಣಂತನ ಅರಸೀಕೆರೆಯಲ್ಲೇ ಆಯಿತು." ತಪ್ಪು ಯಾರದೆಂದು ಬರೆದಿಲ್ಲ. ಅವರು ಬಿಟ್ಟಿದ್ದನ್ನು ನಾನು ಬರೆಯುತ್ತೇನೆ.

ತಂಗಿ ಕೋಮಲ ನನಗಿಂತ ಎಂಟು ವರ್ಷ ಚಿಕ್ಕವಳು. ಅವಳ ಗಂಡನಿಗೆ ಮಸ್ಕತ್ತಿನ ಕಟ್ಟಡ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಕೆಲಸ ಸಿಕ್ಕಿತು, ಅವಳಿಗೆ ಅಲ್ಲೇ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಮೂರು ವರ್ಷದ ಮಗಳು ಶಶಿಗೆ ಮಾತ್ರ ವೀಸಾ ಸಿಗಲಿಲ್ಲ. ನಾನು ಆಗಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಊರಿನ ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದೆ. "ಆರು ತಿಂಗಳು ನೋಡ್ಕೊಳ್ಳಕ್ಕ" ಎಂದು ಕೈಗೆ ಕೊಟ್ಟು ಹೋದಳು. ಆರು ತಿಂಗಳು ಇಪ್ಪತ್ತೆರಡು ವರ್ಷವಾಯಿತು.

ಶಶಿ ನನ್ನನ್ನು "ಅಮ್ಮ" ಎಂದಳು. ಎರಡು ವರ್ಷಕ್ಕೊಮ್ಮೆ ಸೆಂಟಿನ ಬಾಟಲಿ, ಹಾಲಿನ ಪುಡಿಯ ಡಬ್ಬ ಹಿಡಿದು ಬರುತ್ತಿದ್ದವಳು "ಮಸ್ಕತ್ ಅಮ್ಮ". ತಿದ್ದಬೇಕಾಗಿತ್ತು, ತಿದ್ದಲಿಲ್ಲ. ಸುಳ್ಳೇಕೆ ಹೇಳಲಿ, ಕೋಮಲಳ ಎದುರಿಗೆ ಮಗು ಹಾಗೆ ಕರೆದಾಗಲೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದವಳು ನಾನು, ಮಗ್ಗಿ ಕಲಿಸಿದವಳು ನಾನು, ಅರಸೀಕೆರೆಯ ವರನನ್ನು ಹುಡುಕಿದವಳೂ ನಾನೇ. ಮದುವೆಗೆ ಅವರು ಹದಿನೈದು ದಿನದ ರಜೆಯ ಮೇಲೆ ಬಂದು ಧಾರೆ ಎರೆದು ಹೋದರು.

ಅಂಥವರು 2002ರ ಫೆಬ್ರವರಿಯಲ್ಲಿ ನಿವೃತ್ತರಾಗಿ ಬಂದಿಳಿದರು. ಅಪ್ಪ ಕೊಟ್ಟಿದ್ದ ಜಾಗದಲ್ಲಿ, ನನ್ನ ಗೋಡೆಗೆ ಒತ್ತಿಕೊಂಡು, ಮನೆ ಮೊದಲೇ ಎದ್ದಿತ್ತು. ಜೊತೆಗೆ ಒಂದು ಬೆಕ್ಕು, ಹೆಸರು ಲುಲು. ಅದಕ್ಕೆ ಸೂಜಿ ಹಾಕಿಸಿದ ಪತ್ರ, ಆರೋಗ್ಯದ ಪತ್ರ, ಫೋಟೋ ಎಲ್ಲ ಇದ್ದವು. ಹೆತ್ತ ಮಗಳಿಗೆ ಕಾಗದ ಹುಟ್ಟದ ಊರಿನಲ್ಲಿ ಬೆಕ್ಕಿಗೆ ಹುಟ್ಟಿತು. ಬಂದ ತಿಂಗಳಲ್ಲೇ ಒಂದು ಬೀದಿನಾಯಿಯನ್ನೂ ಒಳಗೆ ಕರೆದು, ಬಕೆಟ್ಟಿನಲ್ಲಿ ಬಿಸಿನೀರಿಟ್ಟು ಸ್ನಾನ ಮಾಡಿಸಿ, ಟೈಗರ್ ಎಂದು ಹೆಸರಿಟ್ಟರು.

ಆಮೇಲೆ ಹವ್ಯಾಸ. ಕೋಮಲಳದು ಕುಬ್ಜ ಗಿಡ ಬೆಳೆಸುವುದು. ಆಲದ ಸಸಿಯನ್ನು ತಟ್ಟೆಯಷ್ಟಗಲದ ಕುಂಡದಲ್ಲಿಟ್ಟು, ಬೇರು ಕತ್ತರಿಸಿ, ಕೊಂಬೆಗೆ ತಂತಿ ಸುತ್ತಿ, ಮರವಾಗಲು ಬಿಡದೆ ಸಾಕುವುದು. ಬೆಳೆಯುವುದನ್ನು ಬೆಳೆಯಗೊಡದಿರುವುದಕ್ಕೂ ಇಷ್ಟು ಪುಸ್ತಕಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ರಂಗನಾಥರದು ಕ್ಯಾಮೆರಾ. ಬೆಳಕು ಹರಿಯುವ ಮೊದಲೇ ಹುಲಿಕೆರೆಗೆ ಹೋಗಿ ಕಲ್ಯಾಣಿಯ ಮೆಟ್ಟಿಲಿಗೆ ಬಿಸಿಲು ಬೀಳುವುದನ್ನು ಕಾಯುತ್ತಾ ಕೂರುತ್ತಿದ್ದರು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹುಚ್ಚಣ್ಣ ಒಂದು ದಿನ ಕೇಳಿಯೇ ಬಿಟ್ಟನಂತೆ: "ದಿನಾ ಬತ್ತೀರಲ್ಲ ಸಾಮಿ, ಕಲ್ಲು ಎಲ್ಲಾರ ಎದ್ದು ಓಡೋಯ್ತದಾ?" ಅದನ್ನು ಅವರೇ ನಗುತ್ತಾ ನನಗೆ ಹೇಳಿದರು. ನಾನು ನಗಲಿಲ್ಲ.

ಜೂನ್‌ನಲ್ಲಿ ಶಶಿ ಬಸುರಿ ಎಂದು ತಿಳಿಯಿತು. ಮದುವೆಯಾಗಿ ಮೂರು ವರ್ಷದ ಮೇಲೆ ನಿಂತ ಚೊಚ್ಚಲು. ಚೊಚ್ಚಲು ಹೆರಿಗೆ ತವರಿನದು. ಯಾವುದು ತವರು? ಕೋಮಲ ತನ್ನ ಹೊಸ ಮನೆಯಲ್ಲಿ ಬಾಣಂತಿಯ ಕೋಣೆಗೆ ತಿಳಿಹಳದಿ ಬಣ್ಣ ಹೊಡೆಸಿದಳು, ಗೀಸರ್ ಹಾಕಿಸಿದಳು. ನಾನು ನನ್ನ ಬಚ್ಚಲಿನ ತಾಮ್ರದ ಹಂಡೆಗೆ ಕಲಾಯಿ ಮಾಡಿಸಿದೆ. ಶಶಿ ನನ್ನ ಅಂಗಳದಲ್ಲಿ ಆಡಿ ಬೆಳೆದವಳು, ನನ್ನ ಮನೆಯಲ್ಲೇ ಹಡೆಯಬೇಕು. ಅದೊಂದು ದಕ್ಕಿದರೆ ಸಾಕು, ಮಿಕ್ಕಿದ್ದೆಲ್ಲ ಅವರೇ ಇಟ್ಟುಕೊಳ್ಳಲಿ ಎಂದುಕೊಂಡಿದ್ದೆ.

ಆದರೆ ಬಸುರಿಗೆ ಮಡಿಲು ತುಂಬಿ ಕರೆತರಲು ಮುತ್ತೈದೆ ಬೇಕು. ನಾನು ವಿಧವೆ. ಮೂರು ವರ್ಷದಿಂದ ಶಶಿಗೆ ಗೌರಿ ಬಾಗಿನವನ್ನು ನನ್ನ ಪರವಾಗಿ ಎದುರುಮನೆಯ ಮಹದೇವಮ್ಮ ಕೊಡುತ್ತಿದ್ದಳು. ಈ ಸಲ ಕೇಳಿದರೆ ಕೈ ಮುಗಿದಳು.

"ಹೆತ್ತವ್ಳು ಊರಲ್ಲೇ ಕುಂತವ್ಳೆ. ಅವ್ಳಿರುವಾಗ ನಾನ್ಯಾಕ್ರವ್ವ ಮಡ್ಲು ತುಂಬ್ಲಿ? ಆ ಪಾಪ ನಂಗ್ಬ್ಯಾಡ."

ಹಾಗಾಗಿ ಎಲ್ಲ ಕೋಮಲಳ ಕೈಗೆ ಹೋಯಿತು. ಒಂದು ಮಧ್ಯಾಹ್ನ ಗೋಡೆಯ ಕ್ಯಾಲೆಂಡರನ್ನೇ ಕಿತ್ತುಕೊಂಡು ನನ್ನ ಅಡುಗೆಮನೆಗೆ ಬಂದಳು. ಗಣೇಶನ ಹಬ್ಬ ಕಳೆದ ಗುರುವಾರಕ್ಕೆ ಕೆಂಪು ಸುತ್ತು ಹಾಕಿದ್ದಳು.

"ಅಕ್ಕ, ಅಷ್ಟೊತ್ತಿಗೆ ಏಳು ತಿಂಗಳು ತುಂಬುತ್ತೆ. ಕರ್ಕೊಂಡು ಬರೋಣ್ವಾ? ಸರಿ ಇದೆಯಾ ನೋಡು."

ಸರಿ ಇರಲಿಲ್ಲ. ಅವಳು ನರ್ಸ್, ವಾರ ಎಣಿಸಿ, ತುಂಬಿದ ತಿಂಗಳನ್ನು ಹಿಡಿದಿದ್ದಳು. ನಮ್ಮಲ್ಲಿ ನಡೆಯುತ್ತಿರುವ ತಿಂಗಳು ಲೆಕ್ಕ. ಏಳು ತುಂಬಿತೆಂದರೆ ಎಂಟಕ್ಕೆ ಬಿತ್ತು, ಎಂಟರಲ್ಲಿ ಬಸುರಿಯನ್ನು ಹೊಸಿಲು ದಾಟಿಸುವುದಿಲ್ಲ. ಊರಿನಲ್ಲಿ ಯಾರೇ ಬಸುರಿಯಾಗಲಿ, ತಿಂಗಳು ಕೇಳಲು ಬರುತ್ತಿದ್ದುದು ನನ್ನ ಬಳಿಗೆ. ಬೆರಳು ಮಡಚಿ ಎಣಿಸಿ ದಿನ ಹೇಳುತ್ತಿದ್ದೆ, ಮಗ್ಗುಲಲ್ಲಿ ಕೂತು ಶಶಿಯೂ ತನ್ನ ಪುಟ್ಟ ಬೆರಳು ಮಡಚುತ್ತಿದ್ದಳು. ಎರಡು ವಾರ ಮುಂಚೆ ಹೋಗು ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

"ನೀನು ಹೆತ್ತವಳು. ನಿನಗೆ ಗೊತ್ತಿಲ್ಲದ್ದು ನನಗೇನು ಗೊತ್ತು?" ಎಂದೆ.

ಅವಳು ಅದನ್ನು ಒಪ್ಪಿಗೆ ಎಂದುಕೊಂಡು ಖುಷಿಯಿಂದ ಹೋದಳು. ಬೀಗರ ಮನೆಯಲ್ಲಿ ಅವಳ ಮುಖ ಕಪ್ಪಿಡಲಿ, "ನಿಮ್ಮಕ್ಕನ್ನ ಕೇಳಿ ಬರಬಾರದಿತ್ತಾ" ಎಂದು ಅನ್ನಿಸಿಕೊಳ್ಳಲಿ ಎಂಬುದೇ ನನ್ನ ಆಸೆ. ಒಂಬತ್ತಕ್ಕೆ ಹೇಗೂ ಕಳಿಸುತ್ತಾರೆ, ಆಗ ನನ್ನ ಮಾತು ನಡೆಯುತ್ತದೆ, ನನ್ನ ಮನೆಗೇ ಕರೆತರುತ್ತೇನೆ. ಕಲಾಯಿ ಹಾಕಿದ ಹಂಡೆಯ ಮುಂದೆ ನಿಂತು ಇಷ್ಟನ್ನೂ ಲೆಕ್ಕ ಹಾಕಿದ್ದೆ.

ಆ ಗುರುವಾರ ಬಾಡಿಗೆ ಕಾರಿನಲ್ಲಿ ಹೋದೆವು. ಚಕ್ಕುಲಿ, ಕಜ್ಜಾಯ, ಹಸಿರು ಸೀರೆ, ಬಳೆ, ಅಕ್ಕಿ, ಕೊಬ್ಬರಿ, ಒಂದಕ್ಕೂ ಕೊರತೆ ಮಾಡಿರಲಿಲ್ಲ ಕೋಮಲ. ಕಜ್ಜಾಯಕ್ಕೆ ಪಾಕ ಸರಿ ಬರಲಿಲ್ಲವೆಂದು ಎರಡು ಸಲ ಹಿಟ್ಟು ಕಲಸಿದ್ದಳು. ಶಶಿಯ ಅತ್ತೆ ಲಕ್ಕಮ್ಮ ತಟ್ಟೆಗಳನ್ನು ನೋಡಿದರು, ಕೈ ನೀಡಲಿಲ್ಲ.

"ಎಂಟು ನಡೀತಾ ಐತಲ್ಲಮ್ಮ! ಎಂಟ್ರಲ್ಲಿ ಯಾರಾರ ಬಸ್ರಿ ಹೆಂಗ್ಸುನ್ನ ಹೊಸ್ಲು ದಾಟುಸ್ತಾರಾ? ಏಳ್ರಲ್ಲಿ ಬತ್ತೀರಿ ಅಂತ ದಾರಿ ನೋಡಿ ನೋಡಿ ಸಾಕಾಯ್ತು. ಹೆತ್ತವ್ರು ಮರ್ತೇಬಿಟ್ರೇನೋ ಅಂತ ಈ ಹುಡ್ಗಿ ಅತ್ಕಂಡು ಕುಂತಿದ್ಲು." ಆಮೇಲೆ ನನ್ನ ಕಡೆ ತಿರುಗಿದರು. "ನೀವಾರ ಒಂದು ಮಾತು ಹೇಳ್ಬಾರ್ದಾಗಿತ್ತಾ ಮೇಡಮ್ಮೋರೆ?"

"ನನ್ನ ಕೇಳಿದ್ರೆ ತಾನೆ ಹೇಳೋದು" ಎಂದೆ.

ಕೋಮಲ ತಲೆ ಎತ್ತಿ ನನ್ನನ್ನು ನೋಡಿದಳು. ಕೇಳಿದ್ದೆನಲ್ಲ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. "ನಂದೇ ತಪ್ಪು, ವಾರ ಎಣಿಸ್ಬಿಟ್ಟೆ" ಎಂದು ಕಜ್ಜಾಯದ ಡಬ್ಬವನ್ನು ಮುಚ್ಚತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಶಶಿ ನೋಡುತ್ತಿದ್ದುದು ಅವಳನ್ನಲ್ಲ, ನನ್ನನ್ನು.

ಒಂಬತ್ತು ನಡೆಯುವಾಗ ಶಶಿಗೆ ಬಿ.ಪಿ. ಏರಿತು. ಹಳ್ಳಬಿದ್ದ ರಸ್ತೆಯಲ್ಲಿ ಅಷ್ಟು ದೂರ ಹೋಗುವ ಮಾತೇ ಬೇಡ ಎಂದರು ಡಾಕ್ಟರ್. ತವರು ಅಲ್ಲಿಗೆ ಮುಗಿಯಿತು. ತಿಳಿಹಳದಿ ಕೋಣೆಯೂ ಇಲ್ಲ, ನನ್ನ ಹಂಡೆಯೂ ಇಲ್ಲ.

ಕೋಮಲ ಮನೆಯ ಬೀಗದಕೈ ನನ್ನ ಕೈಗಿಟ್ಟು ಅರಸೀಕೆರೆಗೆ ಹೊರಟಳು. "ಲುಲೂಗೆ ಹಾಲು, ಗಿಡಕ್ಕೆ ದಿನಾ ಎರಡೇ ಲೋಟ ನೀರು ಅಕ್ಕ. ಇವ್ರು ಕ್ಯಾಮೆರಾ ಹಿಡ್ಕೊಂಡ್ರೆ ಮನೆ ಮರ್ತೇಬಿಡ್ತಾರೆ." ಬೈದಿದ್ದರೆ ನನಗೂ ಬೈಯಲು ಬರುತ್ತಿತ್ತು. ಬೀಗರ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅವಳು ಎರಡು ತಿಂಗಳು ಮಲಗಿದಳು. ಇಲ್ಲಿ ನಾನು ಗಿಡಗಳಿಗೆ ನೀರು ಹಾಕಲಿಲ್ಲ ಎಂದು ಬರೆದರೆ ನೀವು ನಂಬುತ್ತೀರಿ. ಹಾಕಿದೆ. ಎರಡೇ ಲೋಟ.

ನವೆಂಬರಿನಲ್ಲಿ ಹೆಣ್ಣು ಮಗುವಾಯಿತು. ಹದಿಮೂರನೇ ದಿನಕ್ಕೆ ಅಂಟಿನುಂಡೆ ಕಟ್ಟಿಕೊಂಡು ಹೋದೆ. ಶಶಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ಹಿತ್ತಲಿನಲ್ಲಿ ಕೋಮಲ ಮಗುವಿನ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ನಾನು ಮಗುವನ್ನು ಎತ್ತಿಕೊಂಡೆ. ಮೂಗು ನಮ್ಮಪ್ಪನದೇ.

"ಊರಿನ ಬಸುರೀರ ತಿಂಗಳೆಲ್ಲ ನಿಮ್ಮ ಬೆರಳ ಮೇಲೇ ಇರ್ತಿತ್ತು" ಎಂದಳು ಶಶಿ. "ನಂದೊಂದು ತಪ್ಪಿತಾ?"

ಮಾತು ಬಂದಾಗಿನಿಂದ ನನ್ನನ್ನು "ನೀನು" ಎಂದೇ ಕರೆದವಳು. ಉಂಡೆಯ ಡಬ್ಬ ಮಂಚದ ಮೇಲೆ ಹಾಗೇ ಇತ್ತು. ಅಷ್ಟರಲ್ಲಿ ಕೋಮಲ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಮಗು ಅಳತೊಡಗಿತು.

"ಮಗೂನ ಅಮ್ಮನ ಕೈಗೆ ಕೊಡಿ, ದೊಡ್ಡಮ್ಮ" ಎಂದಳು ಶಶಿ.

ಕೊಟ್ಟೆ. ಊಟಕ್ಕೆ ನಿಲ್ಲಿ ಎಂದು ಲಕ್ಕಮ್ಮ ಬಲವಂತ ಮಾಡಿದರೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೇ ಹೊರಟು ಬಂದೆ. ಬೆಕ್ಕಿಗೆ ಹಾಲಿಡಬೇಕಾಗಿತ್ತು.