ಬಾಣಂತಿ ಕೋಣೆಯ ಕೆಂಡ

ಹೆರಿಗೆಗೆಂದು ಹಳೇಕೋಟೆ ಹತ್ತಿರದ ತವರಿಗೆ ಹೋದಾಗ ಚಳಿ ಜೋರಾಗಿತ್ತು. ಹಾಸನದ ಶಾಲೆಯೊಂದರಲ್ಲಿ ಪಾಠ ಮಾಡುವ ನಾನು, ಹೆರಿಗೆ ರಜೆಯಲ್ಲಿ ಸ್ವಲ್ಪ ನಿದ್ದೆಯಾದರೂ ಸಿಕ್ಕೀತು ಎಂದುಕೊಂಡಿದ್ದೆ. ನಿದ್ದೆಯೇನೋ ಬಂತು. ಎಷ್ಟು ಮಲಗಿದರೂ ಆಯಾಸ ಮಾತ್ರ ತೀರಲಿಲ್ಲ.

ನನಗೂ ಮಗುವಿಗೂ ಅವ್ವ ಅಡುಗೆಮನೆ ಪಕ್ಕದ ಸಣ್ಣ ಕೋಣೆ ಸಿದ್ಧಮಾಡಿದ್ದಳು. ಅಲ್ಲಿದ್ದ ಒಂದೇ ಕಿಟಕಿಯ ಸಂದಿಗೆಲ್ಲ ಹಳೇ ಸೀರೆ ತುರುಕಿದ್ದಳು. ನನ್ನ ಸ್ನಾನವಾದ ಮೇಲೆ ತೆಂಗಿನ ಚಿಪ್ಪಿನ ಕೆಂಡವನ್ನು ಕಬ್ಬಿಣದ ಬಾಂಡ್ಲಿಯಲ್ಲಿ ತಂದು ಮಂಚದ ಕೆಳಗಿಡುತ್ತಿದ್ದಳು. ಹೊಗೆ ಮಗುವಿಗೆ ಆಗುವುದಿಲ್ಲವೆಂದು ಚಿಪ್ಪನ್ನು ಅಂಗಳದಲ್ಲೇ ಉರಿಸಿ, ಹೊಗೆಯೆಲ್ಲ ಅಡಗಿ ನಿಗಿನಿಗಿ ಕೆಂಡವಾದ ಮೇಲೆಯೇ ಒಳಗೆ ತರುತ್ತಿದ್ದಳು. ಅಷ್ಟು ಎಚ್ಚರ ಅವಳದು. ಆಮೇಲೆ ಬಾಗಿಲು ಹಾಕಿಕೊಂಡು ನನ್ನ ಕಾಲು ನೀವುತ್ತ ಕೂರುತ್ತಿದ್ದಳು.

ವಾರ ಕಳೆಯುವಷ್ಟರಲ್ಲಿ ತಲೆನೋವು ಶುರುವಾಯಿತು. ಹಣೆಗೆ ಹಗ್ಗ ಬಿಗಿದಂಥ ನೋವು. ಊಟ ಕಂಡರೆ ಹೊಟ್ಟೆ ತೊಳೆಸುತ್ತಿತ್ತು.

"ಕಿಟಕಿ ತೆಗಿ ಅವ್ವ, ಉಸಿರು ಕಟ್ಟಿದಂಗಾಯ್ತದೆ" ಎಂದೆ.

"ಸುಮ್ಕಿರವ್ವ, ಮೈಗೆ ಗಾಳಿ ಒಕ್ಕಂಡ್ರೆ ಆಮ್ಯಾಕೆ ಸೊಂಟ ಇಡ್ಕಂಡು ಕೂರ್ಬೇಕಾಯ್ತದೆ. ನಿನ್ನ ಎತ್ತಾಗ ನಮ್ಮವ್ವ ನಂಗೂ ಇಂಗೇ ಮಾಡಿದ್ದು" ಎಂದಳು.

ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಮಗುವೂ ಅಳುವುದು ಕಡಿಮೆ ಮಾಡಿ ಸದಾ ಮಲಗೇ ಇರುತ್ತಿತ್ತು. ಹಾಲಿಗೆ ಎಬ್ಬಿಸಿದರೆ ಎರಡು ಗುಟುಕು ಚೀಪಿ ಮತ್ತೆ ನಿದ್ದೆ. "ಬೆಚ್ಚಗದೆ, ಅದ್ಕೇ ಮನೀಕತದೆ" ಎಂದು ಅವ್ವ ಸಮಾಧಾನಪಟ್ಟಳು. ತನಗೂ ತಲೆ ಸಿಡಿಯುತ್ತಿದೆಯೆಂದು ಅವಳು ಹೇಳಲಿಲ್ಲ.

ಒಂದು ಮಧ್ಯಾಹ್ನ ಬಾಂಡ್ಲಿ ಎತ್ತಲು ಎದ್ದವಳು ಹೊಸ್ತಿಲ ಬಳಿ ಕುಸಿದುಬಿದ್ದಳು. ನನ್ನ ಕೂಗು ಕೇಳಿ ಹಿತ್ತಿಲಲ್ಲಿದ್ದ ತಮ್ಮ ಓಡಿಬಂದ. ಅವ್ವನನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯವರ ಆಟೋದಲ್ಲಿ ಮಲಗಿಸಿದ. ನಾನು ಮಗುವನ್ನೆತ್ತಿಕೊಂಡು ಹಿಂದೆಯೇ ಹತ್ತಿದೆ. ದಾರಿಯಲ್ಲಿ ಗಾಳಿ ಮುಖಕ್ಕೆ ರಾಚಿದಾಗ ನನ್ನ ಹಣೆಯ ಬಿಗಿ ಒಂದಿಷ್ಟು ಸಡಿಲವಾಯಿತು. ಅವ್ವ ಕಣ್ಣು ಬಿಟ್ಟಳು. ಹೊಳೆನರಸೀಪುರ ಬರುವಷ್ಟರಲ್ಲಿ ಮಗು ಕಿರುಚಿ ಅಳತೊಡಗಿತ್ತು.

ಅಲ್ಲಿನ ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವ್ವನ ಎದೆಯನ್ನು ಬಹಳ ಹೊತ್ತು ಕೇಳಿಸಿಕೊಂಡು, "ಅಮ್ಮಾ, ಬೀಡಿಗೀಡಿ ಸೇದ್ತೀರಾ?" ಎಂದರು.

"ಅಯ್ಯೋ ಶಿವ್ನೇ! ಎಲೆಅಡ್ಕೆ ಬುಟ್ರೆ ಇನ್ನೇನೂ ಇಲ್ಲ ಕಣವ್ವ" ಎಂದು ಅವ್ವ ಅವಮಾನವಾದವಳಂತೆ ನನ್ನ ಮುಖ ನೋಡಿದಳು.

"ನಮ್ಮನೇಲಿ ಯಾರೂ ಸೇದಲ್ಲ ಮೇಡಂ" ಎಂದ ತಮ್ಮ.

ನನ್ನ ತಲೆನೋವು, ಮಗುವಿನ ನಿದ್ದೆ ಎಲ್ಲವನ್ನೂ ನಾನು ಹೇಳಿದೆ; ತನಗೂ ತಲೆ ಸಿಡಿಯುತ್ತಿದೆಯೆಂದು ಅವ್ವ ಆಗ ಬಾಯಿಬಿಟ್ಟಳು. "ನಿಮಗೂ ತಲೆನೋವಿದೆಯಾ?" ಎಂದು ಡಾಕ್ಟರು ತಮ್ಮನನ್ನು ಕೇಳಿದರು.

"ನಂಗೇನಿಲ್ಲ. ನಾನು ದಿನಾ ವಲ್ದಲ್ಲೇ ಇರ್ತೀನಿ."

ಅವರು ನನ್ನತ್ತ ತಿರುಗಿದರು. "ಕೋಣೆಯೊಳಗೆ ಕೆಂಡ ಇಟ್ಕೋತೀರಾ?"

ಹೂಂ ಎಂದೆ. ಹೊಗೆ ಕಾಣದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯುತ್ತದೆ ಎಂದು ವಿವರಿಸಿದರು. ಕೂಡಲೇ ಆಕ್ಸಿಜನ್ ಹಾಕಿಸಿ ಮೂವರನ್ನೂ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ರಕ್ತಪರೀಕ್ಷೆಯಲ್ಲಿ ಅವರ ಅನುಮಾನ ನಿಜವಾಯಿತು. ಮಗುವಿನ ಪುಟ್ಟ ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ನೋಡುತ್ತ ಕೂತಿದ್ದೆ. ಅಳು ಕೂಡ ಬರಲಿಲ್ಲ. ಅಷ್ಟು ಸುಸ್ತಾಗಿತ್ತು.

ಮಗು ಚೇತರಿಸಿಕೊಂಡಿತು, ನಾನೂ. ಅವ್ವನ ಕಥೆ ಬೇರೆಯಾಯಿತು. ಕೊಳವೆಯೊಂದಕ್ಕೆ ಊದಿಸಿ ನೋಡಿದ ಹಾಸನದ ಡಾಕ್ಟರು, ಇದು ಈಗ ಆದದ್ದಲ್ಲ, ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕೂತು ಶ್ವಾಸಕೋಶ ಹಾಳಾಗಿದೆ ಎಂದರು. ಇನ್ಹೇಲರ್ ಬರೆದುಕೊಟ್ಟರು. ಅವಳ ಕೆಮ್ಮನ್ನು ನಾವು ಮನೆಯ ಸದ್ದುಗಳಲ್ಲೊಂದು ಎಂದುಕೊಂಡಿದ್ದೆವು.

ಊರಿಗೆ ಹಿಂತಿರುಗಿ ಮನೆಗೆ ಬಂದವಳೇ ಅವ್ವ ಮಂಚದ ತುದಿಯಲ್ಲಿ ಕೂತು, "ನನ್ ಕೈಯಾರ ಕೊಂದ್ಬುಡ್ತಿದ್ನಲ್ಲ ಮಗಾ" ಎಂದಳು.

"ಅಂಗನ್ಬ್ಯಾಡ ಅವ್ವ. ಓದಿರೋ ನಂಗೇ ಗೊತ್ತಾಗ್ಲಿಲ್ಲ" ಎಂದೆ.

ಅವಳಿಗೆ ಅದು ಸಮಾಧಾನವಾಯಿತೋ ಇಲ್ಲವೋ.

ಈಗ ನಾನು ಹಾಸನದಲ್ಲಿ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಅವ್ವನ ಮನೆಯಲ್ಲಿ ಗ್ಯಾಸ್ ಇದೆ, ಕಾಫಿಗೆ ಮಾತ್ರ. ಮುದ್ದೆಗೂ ನೀರು ಕಾಯಿಸಲೂ ತೋಟದಲ್ಲಿ ಬಿದ್ದ ತೆಂಗಿನ ಗರಿ ಸುಮ್ಮನೆ ಸಿಗುವಾಗ ಸಿಲಿಂಡರ್ ಯಾಕೆ ಎನ್ನುತ್ತಾಳೆ. ಸಂಜೆ ಫೋನ್ ಮಾಡಿದಾಗ "ಗ್ಯಾಸಲ್ಲೇ ಮಾಡ್ತಿವ್ನಿ ಕಣವ್ವ" ಎಂದು ಅವಳು ಹೇಳುವಾಗಲೇ ಹಿಂದೆ ಗರಿ ಚಟಪಟ ಉರಿಯುವುದು ಕೇಳಿಸುತ್ತದೆ. ಮೊದಮೊದಲು ಜಗಳವಾಡುತ್ತಿದ್ದೆ. ಈಗೀಗ ಆಗುವುದಿಲ್ಲ.

"ಬಾಗ್ಲಾದ್ರೂ ತೆಗ್ದಿದೀಯಾ?" ಎನ್ನುತ್ತೇನೆ.

"ಊಂ, ತೆಗ್ದಿವ್ನಿ" ಎನ್ನುತ್ತಾಳೆ, ಕೆಮ್ಮುತ್ತ. ಆಮೇಲೆ ಮಗು ಉಂಡಿತೇ ಎಂದು ವಿಚಾರಿಸುತ್ತಾಳೆ.