ಅಪ್ಪನಿಗೆ ತೋರಿಸದೆ ಹಚ್ಚಿದ ಚುಟ್ಟಾ

ಸತ್ತವರು ಕಣ್ಣಿಗೆ ಬಿದ್ದರು, ಖಾಲಿ ಮನೆಯಲ್ಲಿ ಹೆಜ್ಜೆ ಸಪ್ಪಳ ಕೇಳಿತು ಎಂದು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಚಹಾ ತರಿಸುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಎದುರಿಗೇ ನಗುವುದು ಮರ್ಯಾದೆಯಲ್ಲ, ಕೂತು ತಲೆಯಾಡಿಸುವುದು ನನ್ನಿಂದ ಆಗದು. ನಾನು ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುವವನು. ಎಲೆ ಕೈಗೆ ಬರಬೇಕು, ಮೂಗಿಗೆ ಹತ್ತಬೇಕು, ಮಾತೇನಿದ್ದರೂ ಆಮೇಲೆ. ಈಗ ನಾನು ಬರೆಯುವುದನ್ನು ಓದಿ ನೀವೂ ಚಹಾಕ್ಕೆ ಎದ್ದು ಹೋದರೆ ನನಗೆ ಬೇಸರವಿಲ್ಲ. ಆದರೆ ತಿರುಗಿ ಬನ್ನಿ, ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ನಮ್ಮದು ಜೈನ ಮನೆತನ. ಅಜ್ಜನ ಕಾಲದಿಂದ ತಂಬಾಕು ಮಾರಿದ್ದೇವೆ, ಮನೆಯಲ್ಲಿ ಒಬ್ಬರೂ ಸೇದಿಲ್ಲ. ಇದನ್ನು ಕೇಳಿದವರು ನಗುತ್ತಾರೆ, ನಗಲಿ. ಅಪ್ಪ ಭೂಪಾಲಪ್ಪನಂತೂ ವ್ರತ ನಿಯಮದಲ್ಲಿ ಬಹಳ ಕಟ್ಟುನಿಟ್ಟು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಬಾಯಿ ಮುಕ್ಕಳಿಸಿದರೆಂದರೆ ಬೆಳಗಿನವರೆಗೆ ನೀರೂ ಇಲ್ಲ. ಅಂಥ ಅಪ್ಪನಿಗೆ ಊಟವಾದ ಮೇಲೆ ಒಂದು ಸುಖ ಬೇಕಾಗುತ್ತಿತ್ತು. ಅದು ದಸ್ತಗೀರ ಚಾಚಾ ಸೇದುವ ಚುಟ್ಟಾದ ವಾಸನೆ. ಪೇಟೆಯವರು ಸಿಗಾರ್ ಎನ್ನುವುದಕ್ಕೇ ನಾವು ಚುಟ್ಟಾ ಎನ್ನುತ್ತೇವೆ.

ಚಾಚಾ ನಮ್ಮ ವಖಾರದಲ್ಲಿ, ಅಂದರೆ ತಂಬಾಕಿನ ಗೋದಾಮಿನಲ್ಲಿ, ಎಲೆಯ ದರ್ಜೆ ನೋಡುವ ಕೆಲಸದಲ್ಲಿದ್ದರು. ಹರೆಯದಲ್ಲಿ ತಂಬಾಕಿನ ಲಾರಿಯ ಸಂಗಡ ತಮಿಳುನಾಡಿಗೆ ಹೋದವರು ದಿಂಡಿಗಲ್ಲಿನ ಕಡೆ ಕೆಲವು ವರ್ಷ ಉಳಿದು ಚುಟ್ಟಾ ಸುತ್ತುವುದನ್ನು ಕಲಿತು ಬಂದಿದ್ದರು. ನಮ್ಮ ಸೀಮೆಯ ತಂಬಾಕೆಲ್ಲ ಚೂರಾಗಿ ಬೀಡಿಗೆ ಹೋಗುತ್ತದೆ. ಇಡೀ ಎಲೆ ಇಲ್ಲಿ ಯಾರಿಗೂ ಬೇಡ. ಹಾಗಾಗಿ ಚಾಚಾ ಜುಗೂಳದಲ್ಲಿ ಹೊಳೆಯ ದಂಡೆಗಿದ್ದ ಹೆಂಡತಿಯ ತಮ್ಮನ ಹೊಲದಲ್ಲಿ ತಮ್ಮ ಸಲುವಾಗಿಯೇ ಒಂದಿಷ್ಟು ಸಾಲು ಬೆಳೆಸಿಕೊಳ್ಳುತ್ತಿದ್ದರು. ಆ ಎಲೆಯನ್ನು ನೆರಳಲ್ಲಿ ತೂಗುಹಾಕಿ, ಬಾಡಿದ ಮೇಲೆ ಕಟ್ಟು ಕಟ್ಟಿ ಕಂಬಳಿ ಹೊದಿಸುತ್ತಿದ್ದರು. ಒಳಗೆ ಕಾವು ಏಳುತ್ತಿತ್ತು. ಆಗಾಗ ಕಟ್ಟು ಬಿಚ್ಚಿ ತಿರುವಿ, ಬೆಲ್ಲದ ನೀರು ಚಿಮುಕಿಸಿ ಮತ್ತೆ ಮುಚ್ಚುವುದು. ವರ್ಷ ತುಂಬದೆ ಆ ಎಲೆಗೆ ಕೈ ಹಚ್ಚುತ್ತಿರಲಿಲ್ಲ.

ಚುಟ್ಟಾ ಸುತ್ತುತ್ತ ಅವರು ಕಥೆ ಹೇಳುತ್ತಿದ್ದರು. ಈ ಎಲೆ ನಮ್ಮ ನೆಲದ್ದಲ್ಲ, ಪೋರ್ಚುಗೀಸರ ಹಡಗಿನಲ್ಲಿ ಸಮುದ್ರ ದಾಟಿ ಬಂದದ್ದಂತೆ. ತಮಿಳರು ಅದನ್ನು ಸುರುಟ್ಟು ಎಂದರೆ ಗೋರಾ ಸಾಹೇಬರ ನಾಲಿಗೆಯಲ್ಲಿ ಅದು ಚಿರೂಟ್ ಆಯಿತಂತೆ. ಸಾಹೇಬರು ಪೆಟ್ಟಿಗೆಗಟ್ಟಲೆ ಅದನ್ನು ತಮ್ಮ ದೇಶಕ್ಕೆ ಒಯ್ಯುತ್ತಿದ್ದರಂತೆ. ಬೀಡಿಯ ಹಾಗೆ ಹೊಗೆಯನ್ನು ಎದೆಗೆ ಎಳೆದುಕೊಳ್ಳುವವನಿಗೆ ಚುಟ್ಟಾ ಕೊಡಬಾರದು, ಬಾಯಲ್ಲಿ ಆಡಿಸಿ ಬಿಟ್ಟುಬಿಡಬೇಕು, ಬೂದಿಯನ್ನು ಝಾಡಿಸದೆ ತಾನಾಗಿ ಬೀಳುವ ತನಕ ಇರಗೊಡಬೇಕು ಎನ್ನುವರು. ಅವಸರ ಇದ್ದವರು ಬೀಡಿ ಸೇದಲಿ ಎಂಬುದು ಅವರ ತೀರ್ಪು.

ಅವರಿಬ್ಬರ ನಡುವೆ ಒಂದು ಪದ್ಧತಿ ಇತ್ತು. ಸುತ್ತಿದ ಚುಟ್ಟಾವನ್ನು ಹಚ್ಚುವ ಮೊದಲು ಚಾಚಾ ಅಪ್ಪನ ಕೈಗೆ ಕೊಡಬೇಕು. ಅಪ್ಪ ಅದನ್ನು ಮೂಗಿನ ಕೆಳಗೆ ಈ ತುದಿಯಿಂದ ಆ ತುದಿಗೆ ಎಳೆದು, ಕಣ್ಣು ಮುಚ್ಚಿ, ಏನಾದರೊಂದು ತಕರಾರು ತೆಗೆದು, “ಹಚ್ಚು” ಎಂದು ತಿರುಗಿ ಕೊಡಬೇಕು. ಅಪ್ಪ ಹಚ್ಚು ಎನ್ನದೆ ಚಾಚಾ ಕಡ್ಡಿ ಗೀರಿದ್ದನ್ನು ನಾನು ನೋಡಿಲ್ಲ. ಆಮೇಲೆ ವಖಾರದ ಮುಂದಿನ ಕಟ್ಟೆಯ ಆ ತುದಿಗೆ ಚಾಚಾ, ಈ ತುದಿಗೆ ಅಪ್ಪ. ದಾರಿಯಲ್ಲಿ ಹೋಗುವವರು ಜೈನರಾದ ಅಪ್ಪ ಮಡಿ ಮಾಡಿ ದೂರ ಕೂಡುತ್ತಾರೆ ಎಂದುಕೊಂಡಿದ್ದರು. ನಿಜ ಬೇರೆ. ಗಾಳಿ ಆ ಕಡೆಯಿಂದ ಈ ಕಡೆಗೆ ಬೀಸುತ್ತಿತ್ತು, ಹೊಗೆ ಸೀದಾ ಅಪ್ಪನ ಕಡೆಗೇ ಬರುತ್ತಿತ್ತು. ಚಳಿಗಾಲದಲ್ಲಿ ಗಾಳಿ ತಿರುಗಿದರೆ ಇಬ್ಬರೂ ಮಾತಿಲ್ಲದೆ ಎದ್ದು ಜಾಗ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಮನೆಗೆ ಬಂದ ಅಪ್ಪನ ಅಂಗಿ ಮೂಸಿ ಅವ್ವ, ಬಾಯಿಗೆ ಉಪವಾಸ ಮೂಗಿಗೆ ಹೋಳಿಗೆ ಎಂದು ಕಾಡುತ್ತಿದ್ದಳು. ಮೂಗಿಗೆ ಯಾವ ಮುನಿ ಮಹಾರಾಜರೂ ವ್ರತ ಕೊಟ್ಟಿಲ್ಲ ಎಂದು ಅಪ್ಪ ಒಳಗೆ ನಡೆಯುತ್ತಿದ್ದರು.

ಕೊರೊನಾ ಬಂದಾಗ ಒಂದೇ ವಾರದಲ್ಲಿ ಇಬ್ಬರೂ ಮಲಗಿದರು. ಅಪ್ಪ ಉಳಿದರು, ಚಾಚಾ ಉಳಿಯಲಿಲ್ಲ. ಅಪ್ಪನಿಗೆ ಇನ್ನೂ ಜ್ವರವಿದ್ದಾಗಲೇ ಚಾಚಾನ ಮಣ್ಣು ಮುಗಿದು ಹೋಗಿತ್ತು. ಅದನ್ನು ಅಪ್ಪನಿಗೆ ಹೇಳಿದವನು ನಾನು. ಅವರು ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ, ಹಿಡಿ ಮಣ್ಣು ಹಾಕಾಕ ಆಗಲಿಲ್ಲ ಎಂದಷ್ಟೇ ಅಂದರು.

ಜ್ವರ ಹೋದ ಮೇಲೆ ಗೊತ್ತಾಯಿತು, ಅಪ್ಪನ ಮೂಗೂ ಹೋಗಿತ್ತು. ಮೊದಮೊದಲು ನಾವು ಚಿಂತೆ ಮಾಡಲಿಲ್ಲ, ಎಲ್ಲರಿಗೂ ಹೋಗಿ ಬಂದ ಹಾಗೆ ಬಂದೀತು ಎಂದುಕೊಂಡೆವು. ಬರಲಿಲ್ಲ. ಕರ್ಪೂರ ಗೊತ್ತಾಗುತ್ತಿರಲಿಲ್ಲ, ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ. ರೈತರು ಮಾದರಿಯ ಎಲೆ ತಂದು ಎಂದಿನಂತೆ ಅಪ್ಪನ ಮುಂದೆ ಹಿಡಿದರೆ, ಅವರು ಮೂಗಿಗೆ ಹಿಡಿದು, ಇನ್ನೊಮ್ಮೆ ಹಿಡಿದು, ನನ್ನ ಕಡೆ ನೂಕುತ್ತಿದ್ದರು. ನಾಲ್ಕು ಜನರೆದುರು ಹೀಗಾದ ಮೇಲೆ ವಖಾರಕ್ಕೆ ಬರುವುದನ್ನೇ ಬಿಟ್ಟರು. ಊಟ ಕಡಿಮೆಯಾಯಿತು. ತಾಟಿನಲ್ಲಿ ಮಣ್ಣಿದ್ದರೂ ಅಷ್ಟೇ, ಮಂಡಿಗೆ ಇದ್ದರೂ ಅಷ್ಟೇ ಎನ್ನುತ್ತಿದ್ದರು. ಅಂಗಿ ಹೆಗಲಿನಿಂದ ಜೋಲು ಬೀಳತೊಡಗಿತು. ಹೀಗೇ ಬಿಟ್ಟರೆ ಅಪ್ಪ ನಮಗೆ ಉಳಿಯುವುದಿಲ್ಲ ಎಂದು ನನಗೆ ಭಯ ಹತ್ತಿತು. ಅವ್ವನೂ ಅದನ್ನೇ ಯೋಚಿಸುತ್ತಿದ್ದಳು.

ಪರಿಚಯದ ವಾಸನೆಗಳನ್ನು ದಿನಾಲೂ ಮೂಸಿಸಿ ನೋಡಿ, ಕೆಲವರಿಗೆ ಹಾಗೆ ತಿರುಗಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಲವಂಗ ಆಯಿತು, ನಿಂಬೆ ಆಯಿತು. ಆಗ ನನಗೆ ಚುಟ್ಟಾ ನೆನಪಾಯಿತು. ಚಾಚಾನ ಮಗಳು ರೇಷ್ಮಾಳನ್ನು ರಾಯಬಾಗಕ್ಕೆ ಕೊಟ್ಟಿದ್ದಾರೆ. ಚಿಕ್ಕವಳಿದ್ದಾಗ ಚಾಚಾನ ಪಕ್ಕ ಕೂತು ಸುತ್ತುವುದನ್ನು ಅವಳೂ ಕಲಿತಿದ್ದಳು. ಫೋನು ಮಾಡಿದೆ. ಅಬ್ಬಾನ ಕೊನೆಯ ಕಟ್ಟು ತನ್ನ ಹತ್ತಿರ ಹಾಗೇ ಇದೆ, ಭೂಪಾಲಪ್ಪ ಕಾಕಾನಿಗಾದರೆ ಬಿಚ್ಚುತ್ತೇನೆ ಎಂದಳು. ಅಪ್ಪನಿಗೆ ನಾನು ಏನೂ ತಿಳಿಸಲಿಲ್ಲ. ವಾಸನೆ ಬರದೆ ಹೋದರೆ ಆಸೆ ಹುಟ್ಟಿಸಿದ ಪಾಪ ಬೇರೆ. ಆ ಉತ್ಸಾಹದಲ್ಲಿ ಒಂದು ಮಾತು ಮರೆತೇ ಹೋಗಿತ್ತು. ತಲೆಮಾರುಗಟ್ಟಲೆ ತಂಬಾಕು ಮಾರಿದ ಮನೆಯಲ್ಲಿ ಆ ಚುಟ್ಟಾ ಹಚ್ಚಿ ಸೇದುವವರು ಯಾರು?

ರೇಷ್ಮಾ ಬರುವ ದಿನ ಅಪ್ಪನಿಗೆ ಬೇಗ ಊಟ ಮಾಡಿಸಿ, ಸ್ವಲ್ಪ ಗಾಳಿಗೆ ಕೂಡೋಣ ಎಂದು ಪುಸಲಾಯಿಸಿ ವಖಾರದ ಕಟ್ಟೆಗೆ ಕರೆತಂದೆ. ಅವರು ತಮ್ಮ ತುದಿಗೆ ಕೂತರು. ನಾನು ಪಕ್ಕದಲ್ಲಿ ಕೂತೆ. ಚಾಚಾನ ತುದಿ ಖಾಲಿ ಇತ್ತು. ಬಸ್ಸು ತಡವಾಗಿತ್ತು. ಇನ್ನೂ ಬಿಸಿಲಿನ ಕೆಂಪು ಉಳಿದಿತ್ತು, ಬೇವಿನ ಎಲೆ ಅಲುಗುತ್ತಿರಲಿಲ್ಲ. ಅಕ್ಕಪಕ್ಕದ ವಖಾರಗಳಿಗೆ ಬೀಗ ಬಿದ್ದಿತ್ತು.

ಅಪ್ಪ ಮೊದಲು ತಲೆ ಎತ್ತಿದರು. ಆಮೇಲೆ ಮೂಗಿನ ಹೊಳ್ಳೆಗಳು ಅಗಲವಾದವು. ಅದನ್ನು ನೋಡಿ ಎಷ್ಟು ದಿನವಾಗಿತ್ತೆಂದರೆ ನನಗೆ ಏನಾಗುತ್ತಿದೆ ಎಂದು ತಿಳಿಯಲೇ ಇಲ್ಲ. ಅವರ ಮಾತಿನಲ್ಲಿ ಆಶ್ಚರ್ಯ ಇರಲಿಲ್ಲ, ಬರೀ ಸಿಟ್ಟಿತ್ತು.

“ದಸ್ತಗೀರ ನನಗ ತೋರಸದ ಹಚ್ಯಾನ ನೋಡು.”

ನಾನು ಉಸಿರೆಳೆದೆ. ಧೂಳಿನ ವಾಸನೆ, ಒಳಗಿನ ಚೀಲಗಳ ವಾಸನೆ, ಅಷ್ಟೇ. ಏನು ವಾಸನೆ ಬರುತ್ತಿದೆ ಎಂದು ಮೆಲ್ಲಗೆ ಕೇಳಿದೆ.

“ಹೊತ್ತಿದ ಬೆಲ್ಲದ್ದು. ಹೊರಗಿನ ಎಲಿ ಇನ್ನಾ ಹಸಿ ಐತಿ. ಆರಗೊಡದ ಹಚ್ಯಾನ. ಇವಗ ಯಾವತ್ತ ಇಷ್ಟ ಅವಸರ ಇತ್ತು?”

ಅಷ್ಟರಲ್ಲಿ ಗೇಟಿನ ಸಪ್ಪಳವಾಯಿತು. ರೇಷ್ಮಾ ಬಂದಿದ್ದಳು. ಆದರೆ ಒಳಗೆ ಬರದೆ ಗೇಟಿನ ಹತ್ತಿರವೇ ನಿಂತುಬಿಟ್ಟಿದ್ದಳು. ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು. ನಾನು ಎದ್ದು ಹೋದೆ. ಅಪ್ಪನ ಮಾತು ಅಲ್ಲಿಯವರೆಗೆ ಕೇಳುವಂತಿರಲಿಲ್ಲ, ಅವರು ಗಟ್ಟಿಯಾಗಿ ಮಾತಾಡುವುದನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ಅವಳು ನನ್ನನ್ನು ದಾಟಿ ಕಟ್ಟೆಯ ಖಾಲಿ ತುದಿಯನ್ನು ನೋಡುತ್ತ ಕೇಳಿದಳು.

“ದಾದಾ, ಅಬ್ಬಾನ ಚುಟ್ಟಾ ಯಾರ ಸೇದಾಕತ್ತಾರ್ರಿ?”

ಯಾರೂ ಇಲ್ಲ ಎಂದೆ. ಅವಳು ಚೀಲದಲ್ಲಿ ಕೈ ಹಾಕಿ ಒಂದು ಬಿಳಿ ಅರಿವೆ ತೆಗೆದು ಬಿಚ್ಚಿದಳು. ಅದರೊಳಗೆ ಅವಳು ತಂದ ಚುಟ್ಟಾ ಹಾಗೇ ಇತ್ತು, ಬೆಂಕಿ ಕಂಡಿರಲಿಲ್ಲ. ಮುಟ್ಟಿ ನೋಡಿದೆ. ಹೊರಗಿನ ಎಲೆ ತಂಪಾಗಿತ್ತು, ಬೆರಳಿಗೆ ಅಂಟಿತು. ನಿನ್ನೆ ಸುತ್ತಿದ್ದು, ಇನ್ನೂ ಆರಿಲ್ಲ, ಅಬ್ಬಾ ಇದ್ದಿದ್ದರೆ ಬೈಯುತ್ತಿದ್ದರು ಎಂದು ಅವಳು ಸಂಕೋಚದಿಂದ ಹೇಳಿದಳು.

ನಾನು ಓಡಿದೆ. ವಖಾರವನ್ನು ಒಂದು ಸುತ್ತು ಹಾಕಿದೆ, ಹಿಂದಿನ ಓಣಿ ನೋಡಿದೆ, ಗೋಡೆ ಹತ್ತಿ ಆಚೆಗೆ ಇಣುಕಿದೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಮನುಷ್ಯರಿಲ್ಲ. ಏದುಸಿರು ಬಿಡುತ್ತ ಬಂದಾಗ ರೇಷ್ಮಾ ಅಪ್ಪನ ಪಕ್ಕ ಕೂತಿದ್ದಳು. ಇಬ್ಬರೂ ಕಣ್ಣು ಮುಚ್ಚಿದ್ದರು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಅಪ್ಪ ಅವಳ ತಲೆಯ ಮೇಲೆ ಕೈ ಇಟ್ಟಿದ್ದರು. ನಾನು ಅವರ ಪಕ್ಕದಲ್ಲಿ ನಿಂತೆ, ಎದುರಿಗೆ ನಿಂತೆ, ಕೊನೆಗೆ ಚಾಚಾನ ತುದಿಗೇ ಹೋಗಿ ನಾಯಿಯ ಹಾಗೆ ಮೂಸಿದೆ. ನನಗೆ ಏನೂ ಬರಲಿಲ್ಲ. ಹೆದರಿಕೆ ಆಗಲಿಲ್ಲ ನನಗೆ. ಅದಕ್ಕಿಂತ ಕೆಟ್ಟದ್ದೊಂದು ಆಯಿತು, ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಂತೆ.

ಒಂದು ಚುಟ್ಟಾ ಉರಿದು ಮುಗಿಯುವಷ್ಟು ಹೊತ್ತು ಹಾಗೆ ಹೋಯಿತು. ಕೊನೆಗೆ ಅಪ್ಪ ಕಣ್ಣು ತೆರೆದು, ಮುಗಿಸಿದ ಎಂದರು. ರೇಷ್ಮಾ ತಲೆಯಾಡಿಸಿದಳು. ತಾನು ತಂದ ಚುಟ್ಟಾವನ್ನು ಅವರ ಕೈಗೆ ಇಟ್ಟಳು. ಅಪ್ಪ ಎಂದಿನಂತೆ ಈ ತುದಿಯಿಂದ ಆ ತುದಿಗೆ ಮೂಗಿನ ಕೆಳಗೆ ಎಳೆದರು. ಇದರದ್ದು ಏನೂ ಬರುವುದಿಲ್ಲ ಎಂದು ಸಮಾಧಾನದಿಂದಲೇ ಹೇಳಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಅದನ್ನು ಹಚ್ಚುವ ಮಾತು ಯಾರೂ ಎತ್ತಲಿಲ್ಲ.

ಅವರ ಮೂಗು ಆಮೇಲೂ ತಿರುಗಿ ಬರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ತಾವಾಗಿ ಇನ್ನೊಂದು ರೊಟ್ಟಿ ಕೇಳಿದರು. ಅವ್ವ ಒಳಗೆ ಹೋಗಿ ಅತ್ತಳು. ಸಂಜೆಗೆ ಮತ್ತೆ ಕಟ್ಟೆಗೆ ಬರಲು ಶುರು ಮಾಡಿದರು, ರೈತರ ಜೊತೆ ಹರಟೆಗೆ ಕೂತರು. ಒಂದು ದಿನ ನಾನು ತಡೆಯಲಾರದೆ, ಆವತ್ತು ನಿಜವಾಗಿ ವಾಸನೆ ಬಂತೇ ಎಂದು ಕೇಳಿದೆ. ಅಪ್ಪ ನನ್ನನ್ನು ಚಿಕ್ಕ ಹುಡುಗನನ್ನು ನೋಡುವ ಹಾಗೆ ನೋಡಿದರು.

“ನಾ ಅವನ ಮಣ್ಣಿಗೆ ಹೋಗಾಕ ಆಗ್ಲಿಲ್ಲಪಾ. ಅದಕ್ಕ ಅವನೇ ಬಂದು ಹೋದ.”

ಡಾಕ್ಟರಿಗೆ ಹೇಳಿದೆ. ಮೂಗು ಕೆಟ್ಟವರಿಗೆ ಇಲ್ಲದ ವಾಸನೆ ಬಂದಂತೆ ಆಗುವುದುಂಟು ಎಂದರು. ಒಪ್ಪಿದೆ. ರೇಷ್ಮಾಳ ಮಟ್ಟಿಗೂ ನಾನೇ ಒಂದು ಉತ್ತರ ಹುಡುಕಿದೆ. ದಾರಿಯುದ್ದಕ್ಕೂ ಚುಟ್ಟಾ ಎದೆಗೊತ್ತಿಕೊಂಡು ಬಂದವಳು, ಮನಸ್ಸಿನ ತುಂಬ ಅಬ್ಬಾನನ್ನೇ ತುಂಬಿಕೊಂಡು ಬಂದವಳು. ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ. ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿದರೆ ನನ್ನ ಬುದ್ಧಿ ಓಡುವುದಿಲ್ಲ. ಅರಿವೆಯೊಳಗೆ, ಚೀಲದೊಳಗೆ, ಗೇಟಿನ ಆಚೆಗಿದ್ದ ಎಲೆ ಹಸಿ ಇದೆ ಎಂದು ಅಪ್ಪನಿಗೆ ಹೇಳಿದವರು ಯಾರು ಎಂಬಲ್ಲಿಗೆ ಬಂದರೆ ನಾನು ಪೂರ್ತಿ ಸೋಲುತ್ತೇನೆ.

ಕಳೆದ ಚಳಿಗಾಲದಲ್ಲಿ ಅಪ್ಪನೂ ಹೋದರು, ಸಮಾಧಾನದಿಂದ ಹೋದರು. ಆ ಚುಟ್ಟಾ ಈಗ ನನ್ನ ಹತ್ತಿರ ಇದೆ, ಒಣಗಿ ಗಟ್ಟಿಯಾಗಿದೆ. ನನ್ನ ಮೂಗು ಚೆನ್ನಾಗಿದೆ. ಅಂಕಲಿಯ ಎಲೆ ಯಾವುದು, ಜುಗೂಳದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಒಮ್ಮೊಮ್ಮೆ ಸಂಜೆ ಕೆಲಸದವರೆಲ್ಲ ಹೋದ ಮೇಲೆ ಅಪ್ಪನ ತುದಿಗೆ ಕೂತು ಆ ಚುಟ್ಟಾವನ್ನು ಮೂಗಿನ ಕೆಳಗೆ ಈ ತುದಿಯಿಂದ ಆ ತುದಿಗೆ ಎಳೆಯುತ್ತೇನೆ. ಯಾರಾದರೂ ಕೇಳಿಸಿಕೊಂಡಾರೆಂದು ಅತ್ತಿತ್ತ ನೋಡಿ, ಖಾಲಿ ತುದಿಯ ಕಡೆಗೆ, “ಹಚ್ಚರಿ ಚಾಚಾ” ಎನ್ನುತ್ತೇನೆ. ಈಗ ತೋರಿಸಲು ಅಪ್ಪನೇ ಅಲ್ಲಿ ಹತ್ತಿರವಿರುವಾಗ ಚಾಚಾ ಇಷ್ಟು ದೂರ ಯಾಕೆ ಬಂದಾರು ಎಂದೂ ಅನಿಸುತ್ತದೆ. ವಾಸನೆ ಬಂದಿಲ್ಲ. ಆದರೂ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿಕೊಂಡೇ ಕೂಡುತ್ತೇನೆ.